ಕೆರೆ ಬಂಗಾಳ ಕೊಲ್ಲಿಗೆ ಹೋದ ಶನಿವಾರ: ಒಂದು ಕ್ಯೂಜಿಐಎಸ್ ತರಬೇತಿಯನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ ಲಾಗ್

ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್ ಕಲಿಯಲು ಮೊದಲ ಶನಿವಾರ ಬೆಳಿಗ್ಗೆ ಹತ್ತೂವರೆಗೆ 18 ಜನ ಲ್ಯಾಬಿಗೆ ಬಂದು ಕೂತರು. ಮನೆಯಲ್ಲಿ ನೋಡಿಕೊಂಡು ಬನ್ನಿ ಎಂದು ಹಿಂದಿನ ವಾರ ನಾಲ್ಕು ವಿಡಿಯೊ ಕೊಟ್ಟಿದ್ದೆ. ಎಲ್ಲರೂ ನೋಡಿದ್ದರು, ಪಾಠ ಹಂಚುವ ತಂತ್ರಾಂಶ ಮೂಡಲ್‌ನ ದಾಖಲೆಯಲ್ಲಿ 18 ಹೆಸರುಗಳ ಮುಂದೂ ಹಸಿರು ಗುರುತಿತ್ತು. "ಹೊಸ ಲೇಯರ್ ಒಂದನ್ನು ಮಾಡಿ, ನಿಮ್ಮೂರ ಕೆರೆಯ ಅಂಚು ಎಳೆಯಿರಿ" ಎಂದೆ. ಲೇಯರ್ ಎಂದರೆ ನಕ್ಷೆಯ ಮೇಲೆ ಹಾಸುವ ಒಂದು ಪದರ. ಕಾಲು ಗಂಟೆ ಆದ ಮೇಲೂ ಅಂಚು ಎಳೆದಿದ್ದವರು 3 ಜನ. ಉಳಿದವರು ಮೌಸ್ ಹಿಡಿದು ಪರದೆ ನೋಡುತ್ತ ಕೂತಿದ್ದರು. ವಿಡಿಯೊದಲ್ಲಿ ಹೇಳಿದ ಮಾತು ಅವರಿಗೆ ನೆನಪಿತ್ತು, ಕೈಗೆ ಮಾತ್ರ ಬಂದಿರಲಿಲ್ಲ.

ಆ ದಿನದ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಎರಡು ವಾರ ಬಿಡುವು ತೆಗೆದುಕೊಂಡು, ತರಬೇತಿಯನ್ನು ಬುಡದಿಂದ ಬಿಚ್ಚಿ ಮತ್ತೆ ಜೋಡಿಸಿದೆ. ಎಲ್ಲಿ ಕೆಟ್ಟಿತ್ತು, ಏನು ಬದಲಾಯಿಸಿದೆ ಎಂಬುದನ್ನು ಬರೆದಿಡುತ್ತಿದ್ದೇನೆ. ನೀವು ಕಲಿಸುವುದು ಆರ್ ಆಗಿರಲಿ, ಸೈಲ್ಯಾಬ್ ಆಗಿರಲಿ, ಪೈಥಾನ್ ಆಗಿರಲಿ, ಒಂದಷ್ಟು ಭಾಗವನ್ನು ಮನೆಗೂ ಒಂದಷ್ಟನ್ನು ಲ್ಯಾಬಿಗೂ ಹಂಚಿ ಕಲಿಸುವ ಯೋಚನೆಯಿದ್ದರೆ ಇದರಲ್ಲಿ ಕೆಲವಾದರೂ ಉಪಯೋಗಕ್ಕೆ ಬರಬಹುದು.

ಕೆರೆಯೇ ಯಾಕೆ

ನಾನು ಕೋಲಾರ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಊರಿಗೊಂದು ಕೆರೆ, ಕೆರೆಗೊಂದು ಏರಿ, ಏರಿಗೆ ತೂಬು, ಪಕ್ಕದಲ್ಲಿ ಕೋಡಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಇಲ್ಲಿನ ಕೆರೆಗಳಿಗೆ ಬರತೊಡಗಿದ ಮೇಲಂತೂ ಯಾವ ಕೆರೆಯ ನೀರು ಯಾವ ಕೆರೆಗೆ ಹೋಗುತ್ತದೆ ಎಂಬ ಪ್ರಶ್ನೆ ಪ್ರತಿ ಊರಿನ ಕಟ್ಟೆಯ ಮೇಲೂ ಎದ್ದಿದೆ. ಅದಕ್ಕೆ ಉತ್ತರ ಕೊಡಲು ನಕ್ಷೆ ಬೇಕು. ಆ ನಕ್ಷೆಯನ್ನು ಇಲ್ಲಿಯವರೇ ಮಾಡಬೇಕು ಎಂಬುದು ನನ್ನ ಆಸೆ.

ಕ್ಯೂಜಿಐಎಸ್ ಆರಿಸಿಕೊಳ್ಳಲು ಹೆಚ್ಚು ಯೋಚಿಸಬೇಕಾಗಲಿಲ್ಲ. 2002ರಲ್ಲಿ ಗ್ಯಾರಿ ಶರ್ಮನ್ ಶುರು ಮಾಡಿದ ಈ ತಂತ್ರಾಂಶ ಮುಕ್ತವಾದದ್ದು. ಕಲಿತವರು ಮನೆಗೆ ಹೋಗಿ ಲೈಸೆನ್ಸ್ ಕೊಳ್ಳಬೇಕಾಗಿಲ್ಲ. ಕಲಿಯಲು ಬಂದವರಲ್ಲಿ ಉಪನ್ಯಾಸಕರು, ಎಂಎಸ್ಸಿ ವಿದ್ಯಾರ್ಥಿಗಳು, ಜಲಾನಯನದ ಕೆಲಸ ಮಾಡುವ ಇಬ್ಬರು ಕಾರ್ಯಕರ್ತರು ಇದ್ದರು. ಮನೆಯಲ್ಲಿ ಕಂಪ್ಯೂಟರ್ ಇದ್ದವರು 4 ಜನ. ಫೋನ್ ಎಲ್ಲರ ಕೈಯಲ್ಲೂ ಇತ್ತು. ಈ ಎರಡು ಸಾಲುಗಳನ್ನು ನೋಂದಣಿಯ ದಿನವೇ ಪುಸ್ತಕದಲ್ಲಿ ಬರೆದುಕೊಂಡಿದ್ದೆ; ಅದರ ಅರ್ಥ ತಿಳಿದದ್ದು ಮೊದಲ ಶನಿವಾರ ಕಳೆದ ಮೇಲೆ.

ಪೆಟ್ಟಿಗೆ

ಕಾಲೇಜಿನ ಇಂಟರ್ನೆಟ್ಟನ್ನು ನೆಚ್ಚಿಕೊಂಡು 18 ಜನರಿಗೆ ವಿಡಿಯೊ ತೋರಿಸುವ ಹಾಗಿರಲಿಲ್ಲ. ಅದಕ್ಕೆ 4 ಜಿಬಿ ಮೆಮೊರಿಯ ಒಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ತಂದು ಅದಕ್ಕೆ ಮೂಡಲ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿದೆ. ಕಾರ್ಡಿಗೆ ಬರೆದು, ಪೈಗೆ ಸಿಕ್ಕಿಸಿ, ಕರೆಂಟ್ ಕೊಟ್ಟರೆ ಅದು ತಾನೇ ಒಂದು ವೈ-ಫೈ ಆಗಿ ನಿಲ್ಲುತ್ತದೆ. ಒಳಗೆ ಇಡೀ ಮೂಡಲ್ ಇರುತ್ತದೆ. ಇಂಟರ್ನೆಟ್ ಬೇಕಿಲ್ಲ. ಹೆಸರು ಕೇಳಿದ ಹಿರಿಯ ಸಹೋದ್ಯೋಗಿಯೊಬ್ಬರು "ನಮ್ಮ ಮೂಡಲ ಸೀಮೆಗೇ ಮಾಡಿದ್ದಾರೆ ಬಿಡಿ" ಎಂದರು. ಅಂದಿನಿಂದ ಲ್ಯಾಬಿನಲ್ಲಿ ಅದಕ್ಕೆ ಮೂಡಲ ಪೆಟ್ಟಿಗೆ ಎಂದೇ ಹೆಸರು.

ಪೆಟ್ಟಿಗೆ ಮೂರು ಸಲ ಕೈಕೊಟ್ಟಿತು. ಮೊದಲನೆಯದು ವೈ-ಫೈ. ಪೈ ಒಳಗಿನ ಪುಟ್ಟ ಆಂಟೆನಾ ಹತ್ತು ಹನ್ನೆರಡು ಫೋನುಗಳವರೆಗೆ ತಡೆದುಕೊಂಡಿತು. ಆಮೇಲೆ ಬಂದವರಿಗೆ ಸಂಪರ್ಕ ಸಿಗಲಿಲ್ಲ, ಸಿಕ್ಕವರಿಗೆ ಕಡಿಯಿತು. ಮನೆಯಲ್ಲಿ ಮೂಲೆ ಸೇರಿದ್ದ ಹಳೆಯ ರೌಟರ್ ತಂದು, ಈಥರ್‌ನೆಟ್ ತಂತಿಯಿಂದ ಪೈಗೆ ಜೋಡಿಸಿ, ಫೋನುಗಳ ಹೊರೆಯನ್ನೆಲ್ಲ ರೌಟರಿಗೆ ವಹಿಸಿದೆ. ಮತ್ತೆ ತೊಂದರೆಯಾಗಲಿಲ್ಲ.

ಎರಡನೆಯದು ಕರೆಂಟ್. ಮೆಮೊರಿ ಕಾರ್ಡಿಗೆ ಏನೋ ಬರೆಯುತ್ತಿರುವಾಗಲೇ ಕರೆಂಟ್ ಹೋಗಿ, ಮತ್ತೆ ಬಂದಾಗ ಪೈ ಏಳಲೇ ಇಲ್ಲ. ಕಾರ್ಡಿನ ಫೈಲ್ ವ್ಯವಸ್ಥೆ ಕೆಟ್ಟಿತ್ತು. ಹಿಂದಿನ ರಾತ್ರಿ ತೆಗೆದಿಟ್ಟ ಬ್ಯಾಕಪ್ ಇದ್ದದ್ದರಿಂದ ಪಾಠಗಳು ಉಳಿದವು. ಒಂದು ದಿನದ ಉತ್ತರಗಳು ಹೋದವು. ಪೈ 4 ಯುಎಸ್‌ಬಿಯಲ್ಲಿ ಸಿಕ್ಕಿಸಿದ ಎಸ್‌ಎಸ್‌ಡಿಯಿಂದಲೂ ಬೂಟ್ ಆಗುತ್ತದೆ. ಅದಕ್ಕೆ ಬದಲಾಯಿಸಿ, 5 ವೋಲ್ಟ್ 3 ಆಂಪಿಯರ್ ಕೊಡುವ ಒಂದು ಸಣ್ಣ ಯುಪಿಎಸ್ ಇಟ್ಟೆ.

ಮೂರನೆಯದು ಗಡಿಯಾರ. ಇದನ್ನು ಪತ್ತೆಹಚ್ಚಲು ನನಗೆ ಒಂದು ಸಂಜೆಯೇ ಹಿಡಿಯಿತು. ಶುಕ್ರವಾರ ತೆರೆಯಬೇಕಾದ ಪ್ರಶ್ನೆಗಳು ಶನಿವಾರವೂ ತೆರೆಯಲಿಲ್ಲ. ಮೂಡಲ್ ಸರಿಯಾಗಿಯೇ ಇತ್ತು, ಪೈಗೆ ಇವತ್ತು ಯಾವ ದಿನ ಎಂದೇ ಗೊತ್ತಿರಲಿಲ್ಲ. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಇಂಟರ್ನೆಟ್ ಇದ್ದರೆ ಅಲ್ಲಿಂದ ಸಮಯ ಕೇಳಿಕೊಳ್ಳುತ್ತದೆ, ಇಲ್ಲದಿದ್ದರೆ ಆರಿದಾಗ ನಿಂತ ಸಮಯದಿಂದಲೇ ಮುಂದುವರಿಯುತ್ತದೆ. ಡಿಎಸ್ 3231 ಎಂಬ ಪುಟ್ಟ ಗಡಿಯಾರ ಮಾಡ್ಯೂಲ್ ತಂದು ನಾಲ್ಕು ಪಿನ್ನುಗಳಿಗೆ ಸಿಕ್ಕಿಸಿ, ಕಾನ್ಫಿಗ್ ಕಡತದಲ್ಲಿ ಅದನ್ನು ಗುರುತಿಸುವ ಒಂದು ಸಾಲು ಸೇರಿಸಿದ ಮೇಲೆ ದಿನಾಂಕ ತಪ್ಪಲಿಲ್ಲ. ಇಂಟರ್ನೆಟ್ ಇಲ್ಲದ ಕಡೆ ಪೈ ಇಡುವವರು ಇದನ್ನು ಮೊದಲ ದಿನವೇ ಹಾಕಿಬಿಡಿ.

ಲ್ಯಾಬಿನ ಕಂಪ್ಯೂಟರುಗಳ ಕಥೆ ಚಿಕ್ಕದು. 7 ಯಂತ್ರಗಳಲ್ಲಿ 32 ಬಿಟ್ ವಿಂಡೋಸ್ ಇತ್ತು, ಕ್ಯೂಜಿಐಎಸ್ 3.20ರಿಂದ ಈಚೆಗೆ ವಿಂಡೋಸಿಗೆ 64 ಬಿಟ್ ಆವೃತ್ತಿ ಮಾತ್ರ ಬರುತ್ತದೆ. ಪ್ರೊಸೆಸರ್‌ಗಳು 64 ಬಿಟ್ಟಿನವೇ ಆಗಿದ್ದರಿಂದ, ಕ್ಯೂಜಿಐಎಸ್ ಮೊದಲೇ ಅಳವಡಿಸಿರುವ ಓಎಸ್‌ಜಿಯೊ ಲೈವ್ ಎಂಬ ಲಿನಕ್ಸನ್ನು ಪೆನ್‌ಡ್ರೈವ್‌ಗಳಿಗೆ ಬರೆದು, ಆ ಏಳನ್ನೂ ಅದರಿಂದ ಬೂಟ್ ಮಾಡಿದೆ. ಉಳಿದ ಯಂತ್ರಗಳಲ್ಲಿ ಆರಿಸಿ ಹಚ್ಚಿದರೆ ಎಲ್ಲವನ್ನೂ ಮೊದಲಿನಂತೆ ಮಾಡಿಬಿಡುವ ತಂತ್ರಾಂಶ ಹಾಕಿದ್ದರು. ಅದರಿಂದ ಒಬ್ಬರ ಎರಡು ಗಂಟೆಯ ಕೆಲಸ ಊಟದ ಹೊತ್ತಿಗೆ ಅಳಿಸಿಹೋಯಿತು. ಅವತ್ತಿನಿಂದ ಎಲ್ಲರ ಕೊರಳಲ್ಲೂ ಒಂದೊಂದು ಪೆನ್‌ಡ್ರೈವ್.

ವಿಡಿಯೊ ಎಲ್ಲಿ ಸೋತಿತು

ವಿಡಿಯೊ ಮಾಡಲು ನಾನು ಪಟ್ಟ ಶ್ರಮ ಕಡಿಮೆಯಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪದ್ಧತಿ ನನಗೆ ಮೊದಲಿನಿಂದಲೂ ಹಿಡಿಸಿತ್ತು: ಹತ್ತು ನಿಮಿಷದ ಪಾಠ, ಪರದೆಯ ಮೇಲೆ ತಂತ್ರಾಂಶ ಇದ್ದ ಹಾಗೇ ಇರುತ್ತದೆ, ವಿವರಣೆ ನಮ್ಮ ಭಾಷೆಯಲ್ಲಿ, ಮೆನುವಿನ ಹೆಸರುಗಳನ್ನು ಮಾತ್ರ ಇಂಗ್ಲಿಷಿನಲ್ಲಿದ್ದಂತೆಯೇ ಹೇಳುತ್ತಾರೆ. ಮೆನುವಿನ ಹೆಸರನ್ನು ಕನ್ನಡಕ್ಕೆ ತಿರುಗಿಸಿದರೆ ಕಲಿಯುವವರು ಪರದೆಯ ಮೇಲೆ ಆ ಪದ ಹುಡುಕಿ ಸುಸ್ತಾಗುತ್ತಾರೆ. ಇದು ನೂರಕ್ಕೆ ನೂರು ಸರಿಯಾದ ತೀರ್ಮಾನ. ಅದೇ ದಾರಿಯಲ್ಲಿ, ನಮ್ಮ ಕೆರೆಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ರೆಕಾರ್ಡ್ ಮಾಡಿದೆ. ಪರದೆಯನ್ನು ಪೂರ್ತಿ ಎಚ್‌ಡಿಯಲ್ಲಿ ಹಿಡಿದು ಆಮೇಲೆ ಕುಗ್ಗಿಸಿದರೆ ಫೋನಿನಲ್ಲಿ ಮೆನುವಿನ ಅಕ್ಷರ ಓದಲಾಗುವುದಿಲ್ಲ. ಕಂಪ್ಯೂಟರಿನ ಪರದೆಯನ್ನೇ 1280×720ಕ್ಕೆ ಇಳಿಸಿ ರೆಕಾರ್ಡ್ ಮಾಡಿದರೆ ಅಕ್ಷರ ದೊಡ್ಡದಾಗಿ ಕಾಣುತ್ತದೆ. ಸೆಕೆಂಡಿಗೆ 10 ಫ್ರೇಮ್ ಸಾಕು, ಮೌಸ್ ಓಡಾಟ ಬಿಟ್ಟರೆ ಬೇರೇನೂ ಕದಲುವುದಿಲ್ಲ. ಧ್ವನಿ ಮೊನೊ. ಹೀಗೆ ಮಾಡಿದರೆ ಆರು ನಿಮಿಷದ ಪಾಠ 10 ಎಂಬಿಯೊಳಗೆ ಕೂರುತ್ತದೆ.

ಇಷ್ಟಾದರೂ ಮೊದಲ ಶನಿವಾರ ಹಾಗಾಯಿತು. ರಾತ್ರಿ ಕೂತು ಯೋಚಿಸಿದಾಗ ಕಾರಣ ಎದುರಿಗೇ ಇತ್ತು. ಸ್ಪೋಕನ್ ಟ್ಯುಟೋರಿಯಲ್ ಪದ್ಧತಿಯ ಜೀವ ಇರುವುದು ಪಕ್ಕಪಕ್ಕದಲ್ಲಿ: ಪರದೆಯ ಒಂದು ಬದಿಗೆ ವಿಡಿಯೊ, ಇನ್ನೊಂದು ಬದಿಗೆ ತಂತ್ರಾಂಶ, ನೋಡುತ್ತ ನೋಡುತ್ತ ಮಾಡುವುದು. ನಾನು ವಿಡಿಯೊವನ್ನು ಕಿತ್ತುಕೊಂಡು ಪಕ್ಕದ ತಂತ್ರಾಂಶವನ್ನು ಬಿಟ್ಟುಬಿಟ್ಟಿದ್ದೆ. 14 ಜನರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮಲಗುವ ಮುಂಚೆ ಅವರು ಶ್ರದ್ಧೆಯಿಂದ ನೋಡಿದ್ದರು. ಈಜುವವರನ್ನು ದಡದಲ್ಲಿ ನಿಂತು ನೋಡಿದ ಹಾಗಾಗಿತ್ತು.

ಹಾಗಾದರೆ ಅವರ ಕೈಯಲ್ಲಿರುವ ಫೋನಿನಿಂದ ಏನು ಮಾಡಿಸಬಹುದು? ಈ ಪ್ರಶ್ನೆ ಸಿಕ್ಕ ಮೇಲೆ ಉಳಿದದ್ದೆಲ್ಲ ಬೇಗ ಬೇಗ ಜೋಡಣೆಯಾಯಿತು. ಫೋನು ಕ್ಯೂಜಿಐಎಸ್ ಓಡಿಸಲಾರದು, ಆದರೆ ಕ್ಯೂಫೀಲ್ಡ್ ಓಡಿಸುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ ಕ್ಯೂಜಿಐಎಸ್ ಪ್ರಾಜೆಕ್ಟನ್ನೇ ಫೋನಿನಲ್ಲಿ ತೆರೆದು, ಇಂಟರ್ನೆಟ್ ಇಲ್ಲದೆ, ಜಿಪಿಎಸ್‌ನಿಂದ ಬಿಂದು ಹಾಕುವ ಆಪ್ ಅದು. ಮನೆಯ ಭಾಗದಿಂದ ವಿಡಿಯೊಗಳನ್ನು ಪೂರ್ತಿ ತೆಗೆದೆ. ಅದರ ಬದಲು ಕೆಲಸ ಕೊಟ್ಟೆ: ನಿಮ್ಮೂರ ಕೆರೆಗೆ ಹೋಗಿ, ಏರಿಯ ಮೇಲೆ ನಡೆಯಿರಿ, ಏರಿಯ ಎರಡು ತುದಿ, ಪ್ರತಿಯೊಂದು ತೂಬು, ಕೋಡಿ, ಕಂಡರೆ ರಾಜಕಾಲುವೆ ಸೇರುವ ಜಾಗ, ಇವಿಷ್ಟಕ್ಕೂ ಒಂದೊಂದು ಬಿಂದು, ಒಂದೊಂದು ಫೋಟೊ. ಹೋಗುವ ಮುಂಚೆ ಕೆರೆಯನ್ನು ನೆನಪಿನಿಂದ ಹಾಳೆಯ ಮೇಲೆ ಬರೆಯಿರಿ. ಶನಿವಾರ ಎರಡನ್ನೂ ತನ್ನಿ.

ಪ್ರಾಜೆಕ್ಟ್ ಸಿದ್ಧಪಡಿಸುವಾಗ ಕಂಡುಕೊಂಡದ್ದನ್ನು ಇಲ್ಲಿ ಸೇರಿಸುತ್ತೇನೆ. ಕ್ಯೂಜಿಐಎಸ್‌ನಲ್ಲಿ ಪ್ರತಿ ಕಾಲಂಗೂ ಅಲಿಯಾಸ್, ಅಂದರೆ ತೋರಿಕೆಯ ಇನ್ನೊಂದು ಹೆಸರು, ಕೊಡಬಹುದು. ಕಾಲಂನ ನಿಜವಾದ ಹೆಸರು ಚಿಕ್ಕ ಇಂಗ್ಲಿಷ್ ಪದವಾಗಿರಲಿ. ಅಲಿಯಾಸ್ "ತೂಬಿನ ಸ್ಥಿತಿ" ಎಂದಿರಲಿ. ಫೋನಿನ ಫಾರಂನಲ್ಲಿ ಕಾಣುವುದು ಕನ್ನಡ. ಸ್ಥಿತಿಯನ್ನು ಬೆರಳಿನಿಂದ ಟೈಪ್ ಮಾಡಿಸಬೇಡಿ, ವ್ಯಾಲ್ಯೂ ಮ್ಯಾಪ್ ಹಾಕಿ "ಕೆಲಸ ಮಾಡುತ್ತಿದೆ, ಹೂಳು ತುಂಬಿದೆ, ಒಡೆದಿದೆ" ಎಂಬ ಆಯ್ಕೆ ಕೊಡಿ. ಇಲ್ಲದಿದ್ದರೆ ಹೂಳು ಎಂಬ ಒಂದೇ ಪದವನ್ನು ಎಂಟು ರೀತಿ ಬರೆದು ತರುತ್ತಾರೆ. ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ಟೈಲುಗಳನ್ನು (ಚೌಕ ತುಂಡುಗಳನ್ನು) ರಾಶಿಯಾಗಿ ಇಳಿಸಿಕೊಳ್ಳಲು ಅವರ ನಿಯಮ ಒಪ್ಪುವುದಿಲ್ಲ, ಅದನ್ನು ಗೌರವಿಸಬೇಕು. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರ ಉಚಿತ. ಜಿಲ್ಲೆಯಷ್ಟನ್ನು ಕತ್ತರಿಸಿ, ಇಂಟರ್ನೆಟ್ ಇಲ್ಲದೆಯೂ ತೆರೆಯುವ ಎಂಬಿಟೈಲ್ಸ್ ಎಂಬ ಒಂದೇ ಕಡತ ಮಾಡಿ ಪ್ರಾಜೆಕ್ಟಿನ ಜೊತೆ ಜಿಪ್ ಕಟ್ಟಿ ಮೂಡಲ ಪೆಟ್ಟಿಗೆಯಲ್ಲಿ ಇಟ್ಟೆ. ಶನಿವಾರ ಹೊರಡುವ ಮುಂಚೆ ಎಲ್ಲರೂ ಫೋನಿಗೆ ಇಳಿಸಿಕೊಂಡು ಹೋಗುತ್ತಿದ್ದರು.

ಮರುಜೋಡಣೆಯ ಮೊದಲ ಶನಿವಾರ ಲ್ಯಾಬಿನಲ್ಲಿ ಆದ ಬದಲಾವಣೆಯನ್ನು ಹೇಗೆ ಹೇಳಲಿ. ತಾವೇ ನಡೆದು ಹಾಕಿದ ಆರು ಬಿಂದುಗಳು ದೊಡ್ಡ ಪರದೆಯ ಮೇಲೆ ಬಂದ ಕೂಡಲೇ ಒಬ್ಬರು ಎದ್ದು ನಿಂತು "ಇದು ನಮ್ಮ ಗಂಗಮ್ಮನ ಗುಡಿ ಪಕ್ಕದ ತೂಬು" ಎಂದರು. ಅಂಚು ಎಳೆಯುವುದು ಹೇಗೆ ಎಂದು ನಾನು ಹೇಳುವ ಮುಂಚೆ ಅವರೇ ಕೇಳಿದರು. ಕಲಿಸುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ವಿಡಿಯೊಗಳನ್ನು ಬಿಸಾಡಲಿಲ್ಲ. ಎರಡೆರಡು ನಿಮಿಷಕ್ಕೆ ತುಂಡರಿಸಿ, ಲ್ಯಾಬಿನಲ್ಲಿ ಮಾಡಿದ ನಂತರ ಮರೆತರೆ ನೋಡಿಕೊಳ್ಳಲು ಇಟ್ಟೆ. ಮೊದಲು ಕೈ, ಆಮೇಲೆ ಕಣ್ಣು. ಅದೇ ವಿಡಿಯೊ, ಜಾಗ ಬದಲಾಯಿತು ಅಷ್ಟೇ, ನೋಡುವವರೂ ಹೆಚ್ಚಾದರು.

ಕೆಂಪು ಚೀಟಿ, ಹಸಿರು ಚೀಟಿ

ಲ್ಯಾಬಿನ ಮೂರು ಗಂಟೆಗೆ ಸಾಫ್ಟ್‌ವೇರ್ ಕಾರ್ಪೆಂಟ್ರಿಯವರ ಒಂದು ಅಭ್ಯಾಸವನ್ನು ತಂದುಕೊಂಡೆ. 1998ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ ವಿಜ್ಞಾನಿಗಳಿಗೆ ಪ್ರೋಗ್ರಾಮಿಂಗ್ ಕಲಿಸಲು ಶುರು ಮಾಡಿದ ಕೆಲಸ ಅದು. ಅವರ ಕಾರ್ಯಾಗಾರಗಳಲ್ಲಿ ಪ್ರತಿಯೊಬ್ಬರಿಗೂ ಎರಡು ಬಣ್ಣದ ಅಂಟುಚೀಟಿ ಕೊಡುತ್ತಾರೆ. ಕೆಲಸ ಮುಗಿದರೆ ಒಂದು ಬಣ್ಣ, ಸಿಕ್ಕಿಹಾಕಿಕೊಂಡರೆ ಇನ್ನೊಂದು, ಕಂಪ್ಯೂಟರಿನ ನೆತ್ತಿಗೆ ಅಂಟಿಸುವುದು. ನಮ್ಮಲ್ಲಿ ಕೈ ಎತ್ತಲು ಸಂಕೋಚ. ಎಲ್ಲರ ಮುಂದೆ ಗೊತ್ತಿಲ್ಲ ಎನ್ನಲು ಉಪನ್ಯಾಸಕರಿಗೆ ಇನ್ನೂ ಸಂಕೋಚ. ಚೀಟಿಗೆ ಆ ಸಂಕೋಚವಿಲ್ಲ.

ಕೆಂಪು ಚೀಟಿ ಎದ್ದಾಗಲೆಲ್ಲ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆವು ಎಂದು ಬರೆದಿಟ್ಟುಕೊಂಡೆ. ಮೂರು ವಾರದಲ್ಲಿ ಅವು ಕೆಲವೇ ಜಾಗಗಳಲ್ಲಿ ಗುಂಪುಗಟ್ಟುವುದು ಕಂಡಿತು: ಪೆನ್ಸಿಲ್ ಗುರುತು ಒತ್ತದೆ ಅಂಚು ಎಳೆಯಲು ಹೋಗುವುದು, ತಾತ್ಕಾಲಿಕ ಲೇಯರನ್ನು ಉಳಿಸದೆ ಮುಚ್ಚುವುದು, ಪ್ರಾಜೆಕ್ಟನ್ನು ಬೇರೆ ಫೋಲ್ಡರಿಗೆ ಒಯ್ದು ಡೇಟಾವನ್ನು ಬಿಟ್ಟು ಬರುವುದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ನಿರ್ದೇಶಾಂಕ ಪದ್ಧತಿ, ಅಂದರೆ ಒಂದು ಜಾಗವನ್ನು ಯಾವ ಸಂಖ್ಯೆಗಳಿಂದ ಗುರುತಿಸುತ್ತೇವೆ ಎಂಬ ಲೆಕ್ಕ (ತಂತ್ರಾಂಶದಲ್ಲಿ ಇದಕ್ಕೆ ಸಿಆರ್‌ಎಸ್ ಎಂದು ಹೆಸರು). ಆ ಕೊನೆಯದಕ್ಕೆ ನಾನು ಅರ್ಧ ಗಂಟೆ ಇಟ್ಟಿದ್ದೆ. ಕೊನೆಗೆ ಒಂದೂವರೆ ಶನಿವಾರ ಹಿಡಿಯಿತು, ಆ ಸಮಯವೆಲ್ಲ ಸಾರ್ಥಕ.

ಮೊದಲು ಸಿಕ್ಕಿದ್ದು ಬಫರ್. ಕೆರೆಯ ಸುತ್ತ 30 ಮೀಟರ್ ಪಟ್ಟಿ ಎಳೆಯಿರಿ ಎಂದೆ. ಫೋನಿನಿಂದ ಬಂದ ಡೇಟಾ ಇಪಿಎಸ್‌ಜಿ 4326 ಎಂಬ ಕ್ರಮಸಂಖ್ಯೆಯ ಪದ್ಧತಿಯಲ್ಲಿತ್ತು, ಅಂದರೆ ಅಕ್ಷಾಂಶ ರೇಖಾಂಶಗಳಲ್ಲಿ. ಅಲ್ಲಿ 30 ಎಂದರೆ 30 ಡಿಗ್ರಿ. ಡಬ್ಬಿಯ ಪಕ್ಕದಲ್ಲಿ ಕ್ಯೂಜಿಐಎಸ್ ಎಚ್ಚರಿಕೆಯ ಗುರುತು ತೋರಿಸುತ್ತದೆ, ಯಾರೂ ಗಮನಿಸಲಿಲ್ಲ. ಪಟ್ಟಿ ಉತ್ತರಕ್ಕೆ ಹಿಮಾಲಯವನ್ನೂ ದಕ್ಷಿಣಕ್ಕೆ ಭೂಮಧ್ಯರೇಖೆಯನ್ನೂ ದಾಟಿ ಹೋಯಿತು. ಇನ್ನೊಬ್ಬರು ವಿಸ್ತೀರ್ಣ ಕೇಳಿದರು. ಊರವರೆಲ್ಲ 40 ಎಕರೆ ಎನ್ನುವ ಕೆರೆಗೆ 0.0000135 ಎಂದು ಬಂತು. ಅದು ಚದರ ಡಿಗ್ರಿ.

ಆ ಮೇಲೆ ವಲಯ. ಡಿಗ್ರಿಯ ಬದಲು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ ಪಟ್ಟಿಗಳಾಗಿ ಸೀಳಿದ್ದಾರೆ. 72ರಿಂದ 78 ಡಿಗ್ರಿ ಪೂರ್ವದವರೆಗೆ 43ನೇ ವಲಯ, 78ರಿಂದ 84ರವರೆಗೆ 44. ಕರ್ನಾಟಕದ ಬಹುಪಾಲು 43ರಲ್ಲಿದೆ. ಆದರೆ 78ನೇ ರೇಖೆ ನಮ್ಮ ಜಿಲ್ಲೆಯನ್ನೇ ಸೀಳಿಕೊಂಡು ಹೋಗುತ್ತದೆ: ಮಾಲೂರು ಈಚೆಗೆ, ಕೋಲಾರ, ಬಂಗಾರಪೇಟೆ, ಮುಳಬಾಗಿಲು ಆಚೆಗೆ. ಮಾಲೂರಿನ ಕಡೆಯವರು ಪುಸ್ತಕ ನೋಡಿ 43 ಹಾಕಿದ್ದರು, ಮುಳಬಾಗಿಲಿನ ಕಡೆಯವರು 44. ಇಬ್ಬರೂ ಸರಿ. ಎರಡನ್ನೂ ಒಂದೇ ನಕ್ಷೆಗೆ ಸೇರಿಸಬೇಕಾದಾಗ ಮಾಲೂರಿನವರು ತಮ್ಮ ಲೇಯರಿನ ಮೇಲೆ ಬಲಗುಂಡಿ ಒತ್ತಿ ಸೆಟ್ ಲೇಯರ್ ಸಿಆರ್‌ಎಸ್ ಎಂಬಲ್ಲಿ 44 ಆರಿಸಿದರು. ಕೆರೆ ಮಾಯ. ಜೂಮ್ ಟು ಲೇಯರ್ ಒತ್ತಿದರೆ ಸುತ್ತ ನೀಲಿ. ಕೆರೆ ಬಂಗಾಳ ಕೊಲ್ಲಿಯ ನಡುವೆ ಕೂತಿತ್ತು, ಮಾಲೂರಿನಿಂದ ಸರಿಸುಮಾರು 650 ಕಿಲೋಮೀಟರ್ ಪೂರ್ವಕ್ಕೆ.

ಇಡೀ ಲ್ಯಾಬ್ ಎದ್ದು ಬಂದು ಆ ಪರದೆಯ ಸುತ್ತ ನಿಂತಿತು. ಯಾಕೆ ಹೀಗಾಯಿತು ಎಂದು ಒಂದು ಗಂಟೆ ಮಾತಾಡಿದೆವು. ಆ ಕೆರೆಯ ಪೂರ್ವ ನಿರ್ದೇಶಾಂಕ 8 ಲಕ್ಷ 19 ಸಾವಿರ ಮೀಟರಿನ ಹತ್ತಿರ. ಅದು 43ನೇ ವಲಯದ ನಡುಗೆರೆಯಾದ 75 ಡಿಗ್ರಿಗೆ 5 ಲಕ್ಷ ಎಂದಿಟ್ಟುಕೊಂಡು ಅಲ್ಲಿಂದ ಅಳೆದ ಸಂಖ್ಯೆ. ಅದೇ ಸಂಖ್ಯೆಯನ್ನು 81 ಡಿಗ್ರಿಯ ನಡುಗೆರೆಯಿಂದ ಅಳೆದದ್ದು ಎಂದು ನಾವು ಹೇಳಿಬಿಟ್ಟರೆ ಕೆರೆ 6 ಡಿಗ್ರಿ ಜರುಗಲೇಬೇಕು. ಕಲಿಯುತ್ತಿದ್ದ ಒಬ್ಬ ಮೇಡಂ ಇದನ್ನು ನನಗಿಂತ ಚೆನ್ನಾಗಿ ಹೇಳಿದರು: ಒಂದು ಡಬ್ಬಿಯಲ್ಲಿ ಸೇರಿನಲ್ಲಿ ಅಳೆದ ರಾಗಿ ಇದೆ; ಅದರ ಮೇಲಿನ ಚೀಟಿ ಕಿತ್ತು ಕಿಲೋ ಎಂದು ಅಂಟಿಸಿದರೆ ರಾಗಿ ಬದಲಾಗುವುದಿಲ್ಲ, ಲೆಕ್ಕ ಕೆಡುತ್ತದೆ; ಕಿಲೋ ಬೇಕಾದರೆ ತಕ್ಕಡಿಗೆ ಹಾಕಿ ಮತ್ತೆ ತೂಗಬೇಕು. ಸೆಟ್ ಲೇಯರ್ ಸಿಆರ್‌ಎಸ್ ಚೀಟಿ ಅಂಟಿಸುವುದು, ರಿಪ್ರಾಜೆಕ್ಟ್ ಲೇಯರ್ ಮತ್ತೆ ತೂಗುವುದು. ನಾನು ಈಗ ಈ ಮಾತಿನಿಂದಲೇ ಪಾಠ ಶುರು ಮಾಡುತ್ತೇನೆ.

ಕೊನೆಗೆ ಇಡೀ ಜಿಲ್ಲೆಗೆ 43ನೇ ವಲಯವನ್ನೇ, ಅಂದರೆ ಇಪಿಎಸ್‌ಜಿ 32643 ಅನ್ನೇ ಇಟ್ಟುಕೊಂಡೆವು. ಮುಳಬಾಗಿಲಿನ ಹತ್ತಿರ ಇದರಿಂದ ಸಮತಲದ ವಿಸ್ತೀರ್ಣ 100 ಎಕರೆಗೆ ಸುಮಾರು 10 ಗುಂಟೆ ಹೆಚ್ಚು ಬರುತ್ತದೆ. ಕ್ಯೂಜಿಐಎಸ್‌ನಲ್ಲಿ ವಿಸ್ತೀರ್ಣ ಕೊಡುವ ಡಾಲರ್ ಏರಿಯಾ ($area) ಎಂಬ ಸೂತ್ರ ಭೂಮಿಯ ದುಂಡನ್ನು ಲೆಕ್ಕಕ್ಕೆ ಹಿಡಿದು ಅಳೆಯುವುದರಿಂದ ಆ ತಪ್ಪೂ ಬರುವುದಿಲ್ಲ. ಬಂದ ಚದರ ಮೀಟರನ್ನು 4046.86ರಿಂದ ಭಾಗಿಸಿದರೆ ಎಕರೆ, ಉಳಿದ ಭಿನ್ನವನ್ನು 40ರಿಂದ ಗುಣಿಸಿದರೆ ಗುಂಟೆ. ಒಂದು ಎಚ್ಚರಿಕೆಯನ್ನು ಪ್ರತಿ ತಂಡಕ್ಕೂ ಹೇಳುತ್ತೇನೆ. ಒಂದು ಗುಂಟೆ ಎಂದರೆ ಸುಮಾರು 10 ಮೀಟರ್ ಉದ್ದ 10 ಮೀಟರ್ ಅಗಲ. ಫೋನಿನ ಜಿಪಿಎಸ್ ಬಯಲಿನಲ್ಲೇ ಐದು ಮೀಟರ್ ಅತ್ತಿತ್ತ ತೋರಿಸುತ್ತದೆ, ಜಾಲಿ ಮೆಳೆಯೊಳಗೆ ಇನ್ನೂ ಹೆಚ್ಚು. ಫೋನು ಹಿಡಿದು ನಡೆದು, ಇವರು ಎರಡು ಗುಂಟೆ ಒತ್ತುವರಿ ಮಾಡಿದ್ದಾರೆ ಎಂದು ಯಾರ ಮೇಲೂ ಬೆರಳು ತೋರಿಸಬಾರದು. ತಂತ್ರಾಂಶ ದಶಮಾಂಶದ ಆರು ಸ್ಥಾನ ಬರೆದುಕೊಡುತ್ತದೆ. ನಮ್ಮ ಅಳತೆಗೆ ಅಷ್ಟು ಯೋಗ್ಯತೆ ಇರುವುದಿಲ್ಲ.

"ಮುಳಬಾಗ"

ನಾಲ್ಕನೇ ಶನಿವಾರದ ತೊಂದರೆ ಕನ್ನಡಕ್ಕೇ ಸೇರಿದ್ದು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಒಬ್ಬ ವಿದ್ಯಾರ್ಥಿ ತಾಲ್ಲೂಕುಗಳ ಹೆಸರನ್ನು ಕನ್ನಡದಲ್ಲಿ ತುಂಬಿ, ನಕ್ಷೆಯ ಡೇಟಾ ಇಡುವ ಹಳೆಯ ಬಗೆಯಾದ ಶೇಪ್‌ಫೈಲ್ ಆಗಿ ಉಳಿಸಿದ. ಮತ್ತೆ ತೆರೆದಾಗ ಮುಳಬಾಗಿಲು "ಮುಳಬಾಗ" ಆಗಿತ್ತು. ಬಂಗಾರಪೇಟೆ "ಬಂಗಾರಪ". ಶ್ರೀನಿವಾಸಪುರ ಬರೀ "ಶ್ರೀನಿ". ಕೋಲಾರ, ಮಾಲೂರು ಮಾತ್ರ ಇಡಿಯಾಗಿ ಉಳಿದಿದ್ದವು. ಫಾಂಟ್ ತಪ್ಪಿರಬೇಕೆಂದು ಅವನು ಫಾಂಟ್ ಬದಲಾಯಿಸುತ್ತಲೇ ಇದ್ದ.

ಫಾಂಟಿನ ತಪ್ಪಲ್ಲ. ಕಾಲಂ ಮಾಡುವಾಗ ಅವನು ಉದ್ದ 20 ಎಂದು ಕೊಟ್ಟಿದ್ದ, ಇಪ್ಪತ್ತು ಅಕ್ಷರ ಧಾರಾಳವಾಯಿತು ಎಂಬ ಲೆಕ್ಕದಲ್ಲಿ. ಶೇಪ್‌ಫೈಲಿನ ಜೊತೆಗಿರುವ ಡಿಬಿಎಫ್ ಕಡತದಲ್ಲಿ ಹೆಸರುಗಳು ಕೂರುತ್ತವೆ; ಅದು ಎಣಿಸುವುದು ಅಕ್ಷರವನ್ನಲ್ಲ, ಕಂಪ್ಯೂಟರಿನ ಜಾಗ ಅಳೆಯುವ ಬೈಟನ್ನು. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಎನ್ಕೋಡಿಂಗ್‌ನಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್ ಬೇಕು; ಕೊಂಬು, ಗುಡಿಸು, ದೀರ್ಘ, ಸೊನ್ನೆ, ಒತ್ತಿಗೆ ಬೇಕಾದ ಹಲಂತ ಎಲ್ಲವೂ ಬೇರೆ ಬೇರೆ ಚಿಹ್ನೆಗಳೇ. 20 ಬೈಟಿನಲ್ಲಿ ಕೂರುವುದು 6 ಚಿಹ್ನೆ. ಮುಳಬಾಗಿಲಿಗೆ 9 ಬೇಕು, ಶ್ರೀನಿವಾಸಪುರಕ್ಕೆ 12. ಅದರ ಮೊದಲ ಆರು ಚಿಹ್ನೆಗಳು "ಶ್ರೀನಿ"ಗೇ ಮುಗಿಯುತ್ತವೆ. ಮಾಲೂರಿಗೆ ಸರಿಯಾಗಿ 6. ನಾವು ಹಲಗೆಯ ಮೇಲೆ ಒಂದೊಂದು ಹೆಸರನ್ನೂ ಬಿಡಿಸಿ ಎಣಿಸಿದೆವು. ಕಾಲಂನ ಹೆಸರಿಗೆ ಶೇಪ್‌ಫೈಲ್ ಕೊಡುವುದು 10 ಬೈಟ್, ಅಂದರೆ ಕನ್ನಡದ 3 ಚಿಹ್ನೆ. "ಕೆರೆ" ಎಂದು ಬರೆಯಲು 4 ಬೇಕು. ಜೊತೆಯ ಸಿಪಿಜಿ ಕಡತ ಕಳೆದುಹೋದರಂತೂ ಯಾವ ಎನ್ಕೋಡಿಂಗ್ ಎಂದು ತಿಳಿಯದೆ ಕನ್ನಡವೆಲ್ಲ ಗೊಂದಲದ ಗುರುತುಗಳಾಗಿ ಕಾಣುತ್ತದೆ.

ಅವತ್ತೇ ಎಲ್ಲವನ್ನೂ ಜಿಯೋಪ್ಯಾಕೇಜ್ ಎಂಬ ಇನ್ನೊಂದು ಬಗೆಯ ಕಡತಕ್ಕೆ ಬದಲಾಯಿಸಿದೆವು. ಒಂದೇ ಕಡತ, ಒಳಗೆ ಯಾವಾಗಲೂ ಯುಟಿಎಫ್-8, ಹೆಸರು ಎಷ್ಟುದ್ದ ಬೇಕಾದರೂ ಇರಲಿ. ಕನ್ನಡದಲ್ಲಿ ಡೇಟಾ ಇಡುವವರು ಶೇಪ್‌ಫೈಲನ್ನು ಬೇರೆಯವರಿಗೆ ಕೊಡುವ ಕೊನೆಯ ಗಳಿಗೆಯವರೆಗೆ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಜಿಯೋಪ್ಯಾಕೇಜಿನಲ್ಲೂ ಎಡವಿ ಬೀಳುವ ಒಂದು ಗುಂಡಿಯಿದೆ. ಭಾನುವಾರ ಇಡೀ ನಡೆದು ಬಂದ ಇಬ್ಬರ ಕೊನೆಯ 11 ಬಿಂದು ಲ್ಯಾಬಿಗೆ ಬಂದಾಗ ಕಾಣೆಯಾಗಿದ್ದವು. ಕ್ಯೂಫೀಲ್ಡ್ ತೆರೆದಿರುವಾಗಲೇ ಮುಖ್ಯ ಕಡತವೊಂದನ್ನೇ ನಕಲು ಮಾಡಿದ್ದರು. ಹೊಸದಾಗಿ ಬರೆದದ್ದು ಮೊದಲು ಪಕ್ಕದಲ್ಲಿರುವ, ಹೆಸರಿನ ಕೊನೆಗೆ ವಾಲ್ (wal) ಎಂದಿರುವ ಕಡತಕ್ಕೆ ಹೋಗಿ, ಆಮೇಲೆ ಮುಖ್ಯ ಕಡತಕ್ಕೆ ಸೇರುತ್ತದೆ. ಫೋನಿನಲ್ಲಿ ಇಡೀ ಫೋಲ್ಡರ್ ಹಾಗೇ ಇದ್ದದ್ದರಿಂದ ಮತ್ತೆ ತರಿಸಿದಾಗ ಹನ್ನೊಂದೂ ಸಿಕ್ಕವು. ಪ್ರಾಜೆಕ್ಟ್ ಮುಚ್ಚಿ, ಫೋಲ್ಡರ್ ಪೂರ್ತಿ ನಕಲು ಮಾಡಿ ಎಂದು ಈಗ ಬಾಗಿಲಿಗೇ ಬರೆದು ಅಂಟಿಸಿದ್ದೇನೆ. ಫೋಟೊಗಳೂ ಅದೇ ಫೋಲ್ಡರಿನಲ್ಲಿ ಇರುತ್ತವೆ.

ಐದನೇ ಶನಿವಾರ ಪರೀಕ್ಷೆ. ಪ್ರಶ್ನೆಪತ್ರಿಕೆ ಕೊಡಲಿಲ್ಲ, ನಾನೇ ಕೆಡಿಸಿದ ಒಂದು ಪ್ರಾಜೆಕ್ಟ್ ಕೊಟ್ಟೆ. ದಾರಿ ತಪ್ಪಿದ ಲೇಯರ್, ಚೀಟಿ ಬದಲಾದ ವಲಯ, ಕತ್ತರಿಸಿಹೋದ ಹೆಸರು, ಚದರ ಡಿಗ್ರಿಯ ವಿಸ್ತೀರ್ಣ. ಎರಡು ಗಂಟೆಯಲ್ಲಿ 18ರಲ್ಲಿ 15 ಜನ ಪೂರ್ತಿ ರಿಪೇರಿ ಮಾಡಿದರು. ಉಳಿದ ಮೂವರು ವಲಯ ಸರಿಪಡಿಸಿ ವಿಸ್ತೀರ್ಣದಲ್ಲಿ ನಿಂತರು, ಊಟದ ನಂತರ ಅದನ್ನೂ ಮುಗಿಸಿದರು.

ಆರನೇ ಶನಿವಾರ

ಕೊನೆಯ ಪಾಠ ನೀರಿನ ದಾರಿ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶವನ್ನು ಇಳಿಸಿಟ್ಟಿದ್ದೆ. ಅದನ್ನು ಗ್ರಾಸ್ ಎಂಬ ತಂತ್ರಾಂಶದ ವಾಟರ್‌ಶೆಡ್ ಸಾಧನಕ್ಕೆ ಕೊಟ್ಟರೆ ಯಾವ ಚೌಕದಿಂದ ಯಾವ ಚೌಕಕ್ಕೆ ನೀರು ಇಳಿಯುತ್ತದೆ ಎಂದು ಎಣಿಸಿ ಹಳ್ಳಗಳ ಗೆರೆ ಎಳೆಯುತ್ತದೆ. ಗೆರೆಗಳು ಬಂದವು, ಕೆರೆಗಳ ಸರಪಳಿ ಚೆನ್ನಾಗಿಯೇ ಕಂಡಿತು. ಒಬ್ಬ ಎಂಎಸ್ಸಿ ಹುಡುಗ ಮಾತ್ರ ತನ್ನೂರ ಕೆರೆಯನ್ನೇ ನೋಡುತ್ತ ಕೂತಿದ್ದ. ಅವನ ತಾತ ನೀರುಗಂಟಿ. ತಂತ್ರಾಂಶದ ಗೆರೆ ಕೋಡಿಯಿಂದ ಪೂರ್ವಕ್ಕೆ ಹೋಗುತ್ತಿತ್ತು. ಮೊದಲ ವಾರ ಅವನು ತಾತನನ್ನು ಕೇಳಿ ಹಾಳೆಯ ಮೇಲೆ ಬರೆದು ತಂದಿದ್ದ ಚಿತ್ರದಲ್ಲಿ ಕೋಡಿ ನೀರು ದಕ್ಷಿಣದ ಕೆರೆಗೆ ಹೋಗುತ್ತಿತ್ತು.

ಆ ದತ್ತಾಂಶದ ಒಂದು ಚೌಕ 30 ಮೀಟರ್. ಎರಡು ಮೂರು ಮೀಟರ್ ಅಗಲದ ಕಾಲುವೆ ಅದಕ್ಕೆ ಕಾಣುವುದೇ ಇಲ್ಲ. ಮರುದಿನ ಬೆಳಿಗ್ಗೆ ನಾವು 9 ಜನ ತಾತನ ಹಿಂದೆ ಕೋಡಿಯಿಂದ ನಡೆದೆವು. ಬಳ್ಳಾರಿ ಜಾಲಿಯ ಮೆಳೆಯೊಳಗೆ ಕಲ್ಲು ಕಟ್ಟಿದ ಹಳೆಯ ಕಾಲುವೆಯ ಅಂಚು ಸಿಕ್ಕಿತು. ಅದು ರಸ್ತೆಯವರೆಗೆ ಬಂದು, ಅಲ್ಲಿ ಮಣ್ಣು ತುಂಬಿದ ಮೋರಿಯೊಂದರ ಬಾಯಲ್ಲಿ ನಿಂತುಹೋಗಿತ್ತು. ರಸ್ತೆಯ ಆಚೆ ಮತ್ತೆ ಅದೇ ಕಾಲುವೆ, ದಕ್ಷಿಣಕ್ಕೆ. ಹುಡುಗ ಫೋನು ತೆಗೆದು ಮೋರಿಯ ಬಾಯಿಗೆ ಒಂದು ಬಿಂದು ಹಾಕಿ ಫೋಟೊ ಹಿಡಿದ.

ಸೋಮವಾರ ಅವನು ಲ್ಯಾಬಿಗೆ ಬಂದು ಎರಡೂ ಗೆರೆಗಳನ್ನು ಒಂದೇ ಲೇಯರಿನಲ್ಲಿ ಇಟ್ಟ. ಯಾವುದನ್ನೂ ಅಳಿಸಲಿಲ್ಲ. ಹೊಸ ಕಾಲಂ ಸೇರಿಸಿ, ಅದಕ್ಕೆ ಮೂರು ಆಯ್ಕೆ ಕೊಟ್ಟ: ಎಸ್‌ಆರ್‌ಟಿಎಂನಿಂದ ಬಂದದ್ದು, ನಡೆದು ನೋಡಿದ್ದು, ಹಿರಿಯರು ಹೇಳಿದ್ದು. ಮುಂದಿನ ತಂಡಕ್ಕೆ ಪೆಟ್ಟಿಗೆಯಲ್ಲಿ ಇಟ್ಟಿರುವ ಪ್ರಾಜೆಕ್ಟಿನಲ್ಲಿ ಆ ಕಾಲಂ ಮೊದಲ ದಿನದಿಂದಲೇ ಇದೆ.